ಅಡ್ಜಸ್ಟ್ ಇಲ್ಲದ ವಾರ

ನಮ್ಮ ಮನೆಯಲ್ಲಿ ನನಗೊಂದು ಕೋಣೆಯಿತ್ತು. ‘ಇತ್ತು’ ಎಂದು ನಾನು ಬಾಯಿ ತಪ್ಪಿ ಹೇಳಿದ್ದಲ್ಲ. ನಿಘಂಟು ಕಚೇರಿಯಲ್ಲಿ ತಲೆ ನರೆಸಿಕೊಂಡವನು ಕ್ರಿಯಾಪದದ ವಿಷಯದಲ್ಲಿ ಎಚ್ಚರ ತಪ್ಪುವುದಿಲ್ಲ.

ಕೋಣೆ ದೊಡ್ಡದೇನಲ್ಲ. ಆದರೆ ಅದಕ್ಕೊಂದು ಕಿಟಕಿಯಿತ್ತು, ಕಿಟಕಿಯಿಂದ ಧಾರಾಳವಾಗಿ ಬೆಳಕು ಬರುತ್ತಿತ್ತು, ಎಲ್ಲಕ್ಕಿಂತ ಮುಖ್ಯವಾಗಿ ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕವಿತ್ತು. ಅಲ್ಲಿ ನನ್ನ ಮೇಜು, ನನ್ನ ಕುರ್ಚಿ, ದಪ್ಪ ದಪ್ಪ ನಿಘಂಟುಗಳು, ಪದಚೀಟಿಗಳ ಡಬ್ಬಗಳು. ಇಂಗ್ಲಿಷ್–ಕನ್ನಡ ನಿಘಂಟಿನ ಸಹಾಯಕ ಸಂಪಾದಕನೊಬ್ಬನ ಸಾಮ್ರಾಜ್ಯವೆಂದರೆ ಇಷ್ಟೇ. (ಆಗಾಗ ಅಲ್ಲಿ ನಿದ್ದೆಯನ್ನೂ ಮಾಡುತ್ತಿದ್ದೆ. ಚಿಲಕದ ಮಹತ್ವ ಓದುಗರಿಗೆ ಈಗ ತಿಳಿದಿರಬೇಕು.)

ನನ್ನ ಹೆಂಡತಿ ಹೊಲಿಗೆಯವಳು. ಅವಳ ಮಷೀನು ಇದ್ದದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಪ್ಯಾಸೇಜಿನಲ್ಲಿ. ಮನೆಯಲ್ಲಿ ಯಾರಿಗೇ ಆಗಲಿ ಬಚ್ಚಲಿಗೆ ಹೋಗುವ ಮನಸ್ಸಾದರೆ ಅವಳು ಏಳಬೇಕು, ಸ್ಟೂಲನ್ನು ಒಳಗೆ ತಳ್ಳಬೇಕು, ಮಷೀನನ್ನು ಗೋಡೆಗೆ ಒತ್ತಬೇಕು, ಕೊನೆಗೆ ತಾನೂ ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಅಲ್ಲಿ ಕಿಟಕಿ ಇಲ್ಲ. ಮಂಕಾದ ಬಲ್ಬೊಂದು ತೂಗಾಡುತ್ತಿತ್ತು. ಹಾಗೆಂದು ನಾನೇನು ಕಟುಕನಲ್ಲ. ದಿನಕ್ಕೊಮ್ಮೆಯಾದರೂ ಕೋಣೆಯ ಬಾಗಿಲನ್ನು ತುಸು ಸರಿಸಿ ಕೇಳುತ್ತಿದ್ದೆ.

“ಏನೇ, ಬೆಳಕು ಸಾಕಾ ಅಲ್ಲಿ?”

“ಪರವಾಗಿಲ್ಲ ರೀ, ಅಡ್ಜಸ್ಟ್ ಮಾಡ್ಕೊಂಡಿದೀನಿ.”

ಆ ಉತ್ತರ ಕೇಳಿದಾಗಲೆಲ್ಲ ನನ್ನ ಹೃದಯ ತುಂಬಿ ಬರುತ್ತಿತ್ತು. ಎಂಥ ಹೊಂದಾಣಿಕೆಯ ಹೆಣ್ಣು ಎಂದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಹೀಗೆ ಸುಖವಾಗಿ ಸಾಗುತ್ತಿದ್ದ ಸಂಸಾರಕ್ಕೆ ಕಲ್ಲು ಹಾಕಿದವರು ನಮ್ಮ ಪ್ರಧಾನ ಸಂಪಾದಕರು. ಕಚೇರಿಯಲ್ಲಿ ಅವರನ್ನು ನಾವು ಅರ್ಧವಿರಾಮ ಎಂದು ಕರೆಯುತ್ತೇವೆ. ಅವರ ಬೈಗುಳ ಪೂರ್ಣವಿರಾಮಕ್ಕೆ ಬಂದು ನಿಂತದ್ದನ್ನು ಈವರೆಗೆ ಯಾರೂ ಕಂಡಿಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಅದಕ್ಕೆ ಅಂಟಿಕೊಂಡೇ ಬರುತ್ತದೆ. ಅಂದು ಅವರು ‘ಅಡ್ಜಸ್ಟ್’ ಎಂಬ ಪದಕ್ಕೆ ನಾನು ಬರೆದಿದ್ದ ಅರ್ಥದ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ನನ್ನ ಮುಂದೆ ಕುಳಿತಿದ್ದರು.

“‘ಹೊಂದಿಸು, ಸರಿಪಡಿಸು’ ಅಂತ ಬರೆದು ಕೈ ತೊಳ್ಕೊಂಡಿದೀರಿ; ಬಸ್ಸಲ್ಲಿ ಇಬ್ಬರು ಕೂತಿರೋ ಸೀಟಿಗೆ ಮೂರನೆಯವನು ಬಂದು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂತಾನೆ; ಅವನಿಗೆ ಏನನ್ನ ಹೊಂದಿಸಬೇಕು ರೀ; ಅವನಿಗೆ ಬೇಕಾಗಿರೋದು ನಿಮ್ಮ ಅರ್ಧ ತೊಡೆ ಜಾಗ; ನಿಘಂಟು ಅಂದ್ರೆ ಏನಂದ್ಕೊಂಡ್ರಿ;”

“ತಿದ್ದಿ ಕೊಡ್ತೀನಿ ಸರ್.”

“ತಿದ್ದೋದಲ್ಲ; ಉಪವಾಸ ಮಾಡಿ;”

ನಮ್ಮ ಕಚೇರಿಯ ಈ ವಿಚಿತ್ರ ಪದ್ಧತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಜನರ ಬಾಯಲ್ಲಿ ಬೇರುಬಿಟ್ಟ ಇಂಗ್ಲಿಷ್ ಪದವೊಂದರ ಅರ್ಥ ಕೈಗೆ ಸಿಗದೆ ಜಾರಿಕೊಳ್ಳತೊಡಗಿದರೆ, ಅದನ್ನು ಹೊತ್ತ ಸಂಪಾದಕ ಒಂದು ವಾರ ಆ ಪದವನ್ನು ತನ್ನ ಮನೆಯಿಂದ ಹೊರಗಿಡಬೇಕು. ಮನೆಮಂದಿ ಯಾರೂ ಅದನ್ನು ಆಡಕೂಡದು. ಬಾಯಿಗೆ ಬಂದರೆ ಅಲ್ಲೇ ನಿಂತು, ತಾವು ಹೇಳಹೊರಟದ್ದನ್ನು ಕನ್ನಡದಲ್ಲಿ ಬಿಡಿಸಿ ಹೇಳಬೇಕು. ಹೇಳಿದ್ದನ್ನೆಲ್ಲ ಚೀಟಿಗಿಳಿಸಬೇಕು. ವಾರದ ಕೊನೆಗೆ ಅರ್ಧವಿರಾಮರು ತಾವೇ ಮನೆಗೆ ಬಂದು, ಚೀಟಿಗಳನ್ನು ನೋಡಿ, ಒಪ್ಪಿಗೆಯಾದರೆ ಪದವನ್ನು ಬಿಡುಗಡೆ ಮಾಡುತ್ತಾರೆ. ಇದಕ್ಕೆ ಅವರಿಟ್ಟ ಹೆಸರು ಪದೋಪವಾಸ. ಹಿಂದೆ ‘ಓಕೆ’ಯ ಉಪವಾಸ ಹಿಡಿದ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ವಾರವಿಡೀ ಯಾರೂ ಯಾವುದಕ್ಕೂ ಒಪ್ಪಲಿಲ್ಲವಂತೆ. ‘ಟೆನ್ಷನ್’ ಹಿಡಿದವರು ಮಾತ್ರ ಮೈ ತುಂಬಿಕೊಂಡು ಕಚೇರಿಗೆ ಮರಳಿದರು.

ಅಂದು ಊಟದ ಹೊತ್ತಿಗೆ ನಾನು ವಿಷಯವನ್ನು ಮನೆಯಲ್ಲಿ ಘೋಷಿಸಿದೆ. ಮನೆಮಂದಿ ಎಂದರೆ ಹೆಂಡತಿ, ನನ್ನ ತಾಯಿ, ಕಾನೂನು ಓದುತ್ತಿರುವ ಮಗಳು. ಮಗಳನ್ನು ನಾವು ಲಾಯರಮ್ಮ ಎಂದೇ ಕರೆಯುವುದು. (ಓದು ಮುಗಿಯುವ ಮುಂಚೆಯೇ ವಾದ ಶುರುವಾಗಿದೆ.)

“ಒಂದು ವಾರ ತಾನೇ,” ಎಂದಳು ಹೆಂಡತಿ. “ಅಡ್ಜಸ್ಟ್ ಮಾಡ್ಕೊಳ್ಳೋಣ ಬಿಡಿ.”

“ಅಮ್ಮಾ, ಔಟ್!” ಎಂದು ಕೂಗಿದಳು ಲಾಯರಮ್ಮ. ಆ ಕ್ಷಣದಿಂದ ತೀರ್ಪುಗಾರರ ಪೀಠವನ್ನು ಅವಳೇ ಆಕ್ರಮಿಸಿಕೊಂಡಳು. ನಾನು ಹೆಮ್ಮೆಪಟ್ಟೆ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದೆಂದರೆ ಇದೇ ಎಂದು ಆಗ ಹೊಳೆಯಲಿಲ್ಲ.

ಮೊದಲ ಒಂದೆರಡು ದಿನ ಕೆಲಸ ಹೂವೆತ್ತಿದ ಹಾಗೆ ನಡೆಯಿತು. ಫ್ಯಾನಿನ ವೇಗ ತಗ್ಗಿಸಿದೆವು. ಕನ್ನಡಕವನ್ನು ಮೂಗಿನ ಮೇಲಕ್ಕೇರಿಸಿಕೊಂಡೆವು. ಹೆಂಡತಿ ಮಷೀನಿನ ದಾರವನ್ನು ಬಿಗಿ ಮಾಡಿದಳು, ಸಡಿಲಿಸಿದಳು. ಚೀಟಿಗಳು ರಾಶಿ ಬಿದ್ದವು. ವಸ್ತುಗಳ ವಿಷಯದಲ್ಲಿ ಕನ್ನಡಕ್ಕೆ ಯಾವ ಕೊರತೆಯೂ ಇಲ್ಲವೆಂದು ಕಂಡು ನನ್ನ ಎದೆ ಉಬ್ಬಿತು. ತೊಂದರೆ ಶುರುವಾದದ್ದು ಮನುಷ್ಯರಿಂದ.

ಮಗಳ ಕಾಲೇಜಿನ ಮೇಡಮ್ಮು ಒಂದು ಕೋಟು ಹಿಡಿದುಕೊಂಡು ಬಂದರು. ಪ್ರತಿ ವರ್ಷವೂ ಅದೇ ಕೋಟು, ಪ್ರತಿ ವರ್ಷವೂ ಅದೇ ಮಾತು.

“ಇದನ್ನ ಸೈಡಲ್ಲಿ ಒಂಚೂರು ಅಡ್ಜಸ್ಟ್ ಮಾಡಿಕೊಡಿ.”

“ಆಗ್ಲಿ ಮೇಡಂ, ಅಡ್—” ಎಂದ ಹೆಂಡತಿ, ಬಾಗಿಲಲ್ಲಿ ನಿಂತ ಮಗಳನ್ನು ಕಂಡು ನಾಲಿಗೆ ಕಚ್ಚಿಕೊಂಡಳು. ಬೇರೆ ಮಾತಿಗಾಗಿ ಹುಡುಕಿದಳು. ಸಿಕ್ಕಿದ್ದು ನಿಜವೊಂದೇ. “ನೀವು ದಪ್ಪ ಆಗಿದೀರಿ ಮೇಡಂ. ಹೊಲಿಗೆ ಬಿಚ್ಚಿ ಅಗಲ ಮಾಡ್ತೀನಿ.”

ಮೇಡಮ್ಮು ಕೋಟನ್ನು ಕಿತ್ತುಕೊಂಡು ಹೊರಟೇಹೋದರು. ಹೆಂಡತಿ ನನ್ನ ಕಡೆ ನೋಡಿದ ನೋಟವನ್ನು ನಾನು ಚೀಟಿಗಿಳಿಸಲಿಲ್ಲ. ಆದರೆ ಮರುದಿನ ಮೇಡಮ್ಮು ತಾವಾಗಿಯೇ ತಿರುಗಿ ಬಂದರು.

“ಮನೇಲಿ ಕನ್ನಡಿ ಮುಂದೆ ನಿಂತು ನೋಡಿದೆ,” ಎಂದರು ಗಂಭೀರವಾಗಿ. “ಇಷ್ಟು ವರ್ಷ ನಂಗೆ ನಿಜ ಹೇಳಿದವರು ನೀವೊಬ್ಬರೇ. ಎಷ್ಟು ಬಿಚ್ಚಬೇಕೋ ಬಿಚ್ಚಿ. ಮತ್ತೆ ಈ ಸಲ ಪದವಿ ತಗೊಳ್ಳೋ ಮಕ್ಕಳಿಗೆಲ್ಲ ಕರಿ ಗೌನು ಬೇಕು. ನೀವೇ ಹೊಲಿದುಕೊಡಿ. ಬಟ್ಟೆ ನಾಳೆ ಬರುತ್ತೆ.”

ಅಷ್ಟು ದೊಡ್ಡ ಕೆಲಸ ನನ್ನ ಹೆಂಡತಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಅವಳ ಮುಖ ಅರಳಿದ್ದನ್ನು ಕಂಡು ನನಗೂ ಖುಷಿಯಾಯಿತು. ಎಲ್ಲ ನನ್ನ ಉಪವಾಸದ ಫಲ ಎಂದು ಮನೆಯಲ್ಲಿ ಒಂದೆರಡು ಸಲ ಹೇಳಿಯೂ ಬಿಟ್ಟೆ.

ನನ್ನ ತಾಯಿಗೆ ಮಾತ್ರ ಇದು ಸರಿಕಾಣಲಿಲ್ಲ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಸೊಸೆಗೆ ಬುದ್ಧಿಮಾತು ಹೇಳಲು ಶುರುಮಾಡಿದಳು.

“ಅಷ್ಟೊಂದು ಕೆಲಸ ಮೈಮೇಲೆ ಹಾಕ್ಕೊಂಡ್ರೆ ಮನೆ ನೋಡೋರು ಯಾರಮ್ಮ? ಹೆಣ್ಣುಮಕ್ಕಳು ಅಂದಮೇಲೆ ಅಡ್ಜಸ್ಟ್ ಮಾಡ್ಕೊಂಡು ಹೋಗ್ಬೇಕು.”

“ಅಜ್ಜಿ, ಔಟ್. ಕನ್ನಡದಲ್ಲಿ ಹೇಳು.”

“ಅಂದ್ರೆ... ಹೊಂದ್ಕೊಂಡು ಹೋಗ್ಬೇಕು.”

“ಹೊಂದ್ಕೊಳ್ಳೋದು ಅಂದ್ರೆ ಏನು ಮಾಡ್ಬೇಕು ಅಜ್ಜಿ? ಬಿಡಿಸಿ ಹೇಳು. ಅಪ್ಪ ಬರ್ಕೋಬೇಕು.”

ಅಮ್ಮ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಯೋಚಿಸಿದಳು. “ಅಂದ್ರೆ... ಬಾಯಿ ಮುಚ್ಕೊಂಡಿರ್ಬೇಕು.”

ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದವಳು ಅಮ್ಮನೇ.

“ಅಯ್ಯೋ, ನಾನು ಯಾವತ್ತೂ ಹಾಗಂದಿಲ್ಲಪ್ಪ!”

“ಅನ್ತಾನೇ ಇದ್ರಿ ಅತ್ತೆ,” ಎಂದಳು ನನ್ನ ಹೆಂಡತಿ, ಮೆಲ್ಲಗೆ. “ಇಂಗ್ಲಿಷಲ್ಲಿ.”

ಅಮ್ಮ ಕೈ ತೊಳೆದುಕೊಂಡು ನನ್ನ ಹತ್ತಿರ ಬಂದು, “ನಾನೂ ನಿಮ್ಮಪ್ಪನ ಜೊತೆ ಎಷ್ಟೊಂದು ಅಡ್...” ಎಂದು ತಾನೇ ತಡೆದಳು. “ಹಾಡ್ತಿದ್ದೆ ಕಣೋ. ಮದುವೆಗೆ ಮುಂಚೆ. ಅವರಿಗೆ ನಿದ್ದೆ ಕೆಡುತ್ತೆ ಅಂದ್ರು, ಬಿಟ್ಟುಬಿಟ್ಟೆ. ಬರ್ಕೋ.”

ನನ್ನ ತಾಯಿ ಹಾಡುತ್ತಿದ್ದಳೆಂಬುದು ನನಗೆ ಗೊತ್ತೇ ಇರಲಿಲ್ಲ. ಆ ಚೀಟಿಯನ್ನು ಬರೆಯಲು ನನಗೆ ಬಹಳ ಹೊತ್ತು ಕೈ ಬರಲಿಲ್ಲ. ಆದರೆ ನಾನು ಕರ್ತವ್ಯನಿಷ್ಠ, ಕೊನೆಗೂ ಬರೆದೆ. ‘ಬಿಟ್ಟುಕೊಡು (ಹಾಡನ್ನು)’.

ಮಾರನೆಯ ದಿನ ಗೌನಿನ ಬಟ್ಟೆ ಬಂತು. ಬಂತು ಎಂದರೆ ಕಡಿಮೆಯಾಯಿತು, ದಂಡೆತ್ತಿ ಬಂತು. ಗಾಡಿಯವನು ಕರಿ ಬಟ್ಟೆಯ ಥಾನುಗಳನ್ನು ಒಂದೊಂದಾಗಿ ಇಳಿಸಿದ. ಪ್ಯಾಸೇಜು ತುಂಬಿತು. ಅಡುಗೆಮನೆಯ ಬಾಗಿಲು ಮುಚ್ಚಿತು. ಬಚ್ಚಲಿಗೆ ಹೋಗಿದ್ದ ಅಮ್ಮ ಒಳಗೇ ಉಳಿದುಹೋದಳು. ಥಾನುಗಳನ್ನು ಹತ್ತಿ ಇಳಿದು ಅವಳನ್ನು ಪಾರು ಮಾಡಿದ ಮೇಲೆ ನಾನು ಹೆಂಡತಿಯನ್ನು ಕೇಳಿದೆ.

“ಇದನ್ನೆಲ್ಲ ಹೇಗೆ ಮಾಡ್ತೀಯೇ?”

“ಏನ್ ಮಾಡೋದು ರೀ. ಹೇಗೋ ಅಡ್ಜಸ್ಟ್ ಮಾಡ್ಕೊಳ್ತೀನಿ.”

“ಅಮ್ಮಾ, ಔಟ್. ಕನ್ನಡದಲ್ಲಿ.”

ಹೆಂಡತಿ ಥಾನಿನ ಮೇಲೆ ಕುಳಿತಳು. ಪರೀಕ್ಷೆಗೆ ಕೂತವರಂತೆ ಒಂದೊಂದಾಗಿ ನೆನಪು ಮಾಡಿಕೊಂಡು ಹೇಳತೊಡಗಿದಳು.

“ಅರ್ಧ ಥಾನು ಮಂಚದ ಕೆಳಗೆ ಇಡ್ತೀನಿ. ಮಿಕ್ಕಿದ್ದು ಮಂಚದ ಮೇಲೆ. ನಾನು ಕೆಳಗೆ ಮಲಗ್ತೀನಿ. ಊಟದ ಮೇಜಿನ ಮೇಲೆ ಬಟ್ಟೆ ಕತ್ತರಿಸ್ತೀನಿ, ನೀವೆಲ್ಲ ಊಟಕ್ಕೆ ಬಂದಾಗ ತೆಗೀತೀನಿ, ನಿಮ್ಮ ಊಟ ಆದಮೇಲೆ ಮತ್ತೆ ಹರಡ್ತೀನಿ. ನೀವು ಬಚ್ಚಲಿಗೆ ಹೋದಾಗ ಎದ್ದು ಮಷೀನ್ ಎಳ್ಕೊಳ್ತೀನಿ. ಅತ್ತೆ ಹೋದಾಗ ಎದ್ದು ಎಳ್ಕೊಳ್ತೀನಿ. ಬರುವಾಗ ಮತ್ತೆ ಏಳ್ತೀನಿ. ಆ ಬೆಳಕಲ್ಲಿ ಕರಿ ಬಟ್ಟೇಲಿ ಕರಿ ದಾರ ಕಾಣಲ್ಲ, ಬೆರಳಲ್ಲಿ ತಡವಿ ಹೊಲಿಗೆ ಹಾಕ್ತೀನಿ. ಸೂಜಿ ಚುಚ್ಚಿದ್ರೆ...”

ಅಲ್ಲಿಗೆ ಅವಳ ಮಾತು ನಿಂತಿತು. ನಮ್ಮ ಮೂವರ ಮುಖವನ್ನೂ ಒಮ್ಮೆ ನೋಡಿದಳು.

“ಇಷ್ಟೆಲ್ಲಾ ಮಾಡ್ತಿದೀನಾ ನಾನು?” ಎಂದಳು.

ನನ್ನ ಕೈಯಲ್ಲಿ ಪೆನ್ನಿತ್ತು, ಚೀಟಿಯಿತ್ತು. ‘ಪರವಾಗಿಲ್ಲ ರೀ’ ಎಂಬುದರ ಜೊತೆಗೆ ಅವಳು ದಿನವೂ ಹೇಳುತ್ತಿದ್ದ ಆ ಒಂದೇ ಒಂದು ಪದದೊಳಗೆ ಇಷ್ಟೆಲ್ಲ ತುಂಬಿಕೊಂಡಿತ್ತೆಂದು ನಿಘಂಟಿನವನಾದ ನನಗೇ ತಿಳಿದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. (ನಾಚಿಕೆಯಾದದ್ದು ನಿಜ. ಆದರೆ ಮುಂದಿನ ಮಾತು ಯಾವ ಕಡೆ ಹೊರಳುತ್ತದೆಂದು ಗೊತ್ತಿದ್ದರೆ ನಾಚಿಕೆಪಡುವುದನ್ನು ಮುಂದಕ್ಕೆ ಹಾಕಿ ಆ ಕ್ಷಣವೇ ಕಚೇರಿಗೆ ಓಡಿಬಿಡುತ್ತಿದ್ದೆ.)

“ಇಲ್ಲ ರೀ,” ಎಂದಳು ಹೆಂಡತಿ. “ಇದು ನನ್ನ ಕೈಲಿ ಆಗಲ್ಲ. ಹೇಳೋಕ್ಕೇ ಇಷ್ಟು ಸುಸ್ತಾಗುತ್ತೆ, ಮಾಡೋದು ಹೇಗೆ? ನಂಗೆ ನಿಮ್ಮ ಕೋಣೆ ಬೇಕು.”

“ನನ್ನ ಕೋಣೇನಾ?”

“ಹೂಂ. ಅಲ್ಲಿ ಬೆಳಕಿದೆ.”

ನನ್ನ ಸಾಮ್ರಾಜ್ಯದ ಬುಡವೇ ಅಲುಗಾಡಿತು. ಇಂಥ ಆಪತ್ತಿಗೆಂದೇ ಪ್ರತಿಯೊಬ್ಬ ಗಂಡನ ನಾಲಿಗೆಯ ತುದಿಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ. ಅದು ತಾನಾಗಿಯೇ ಹೊರಟಿತು.

“ನೋಡೇ, ನಿಘಂಟಿನ ಕೆಲಸ ತುಂಬ ಸೂಕ್ಷ್ಮದ್ದು. ನೀನೇ ಸ್ವಲ್ಪ ಅಡ್...”

“ಅಪ್ಪಾ,” ಎಂದಳು ಲಾಯರಮ್ಮ, ತಣ್ಣಗೆ. “ಕನ್ನಡದಲ್ಲಿ.”

ನಾನು ಬಾಯಿ ತೆರೆದೆ. ಆ ಪದವಿಲ್ಲದೆ ಹೇಳಬೇಕಾಗಿದ್ದ ಮಾತು ಇಷ್ಟೇ: ‘ನೀನು ಕತ್ತಲಲ್ಲಿ ಹೊಲಿ, ನಾನು ಬೆಳಕಿನಲ್ಲಿ ನಿದ್ದೆ ಮಾಡುತ್ತೇನೆ.’ ಶುದ್ಧವಾದ ಕನ್ನಡ. ತಪ್ಪಿಲ್ಲದ ವಾಕ್ಯ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು, ತಾಯಿ ನೋಡುತ್ತಿದ್ದಳು, ಮಗಳಂತೂ ಚೀಟಿ ಪೆನ್ನು ಎತ್ತಿಕೊಂಡು ಬರೆದುಕೊಳ್ಳಲು ಸಿದ್ಧಳಾಗಿದ್ದಳು. ನಾನು ಬಾಯಿ ಮುಚ್ಚಿಕೊಂಡೆ. (ಅಮ್ಮ ಹೇಳಿದ ಅರ್ಥಕ್ಕೆ ಅದು ಉದಾಹರಣೆಯೇ ಎಂದು ಆಮೇಲೆ ಹೊಳೆಯಿತು.)

ಸಂಜೆಯ ಹೊತ್ತಿಗೆ ಮಷೀನು ಕಿಟಕಿಯ ಪಕ್ಕ ಸೇರಿತು. ಥಾನುಗಳು ನನ್ನ ನಿಘಂಟುಗಳಿದ್ದ ಕಡೆ ಕುಳಿತವು. ನನ್ನ ಮೇಜು ಪ್ಯಾಸೇಜಿಗೆ ಬಂತು; ಕುರ್ಚಿಗೆ ಜಾಗ ಸಾಲದೆ ಹೆಂಡತಿಯ ಸ್ಟೂಲು ನನ್ನದಾಯಿತು. ಯಾರು ಬಚ್ಚಲಿಗೆ ಹೊರಟರೂ ನಾನು ಏಳುವುದು, ಸ್ಟೂಲು ತಳ್ಳುವುದು, ಮೇಜನ್ನು ಗೋಡೆಗೆ ಒತ್ತುವುದು, ಹೊಟ್ಟೆಯನ್ನು ಒಳಗೆಳೆದುಕೊಂಡು ನಾನೂ ಗೋಡೆಗೆ ಅಂಟುವುದು. ಒಂದು ಕುಟುಂಬ ಇಷ್ಟು ಸಲ ಬಚ್ಚಲಿಗೆ ಹೋಗುತ್ತದೆಂದು ಕೋಣೆಯೊಳಗಿದ್ದಾಗ ನನಗೆ ಅರಿವೇ ಇರಲಿಲ್ಲ. ಅಮ್ಮನಂತೂ ಹಾಡಿಕೊಂಡು ಹೋಗಿ ಹಾಡಿಕೊಂಡು ಬರುತ್ತಿದ್ದಳು. ಇಷ್ಟು ವರ್ಷ ಬಿಟ್ಟಿದ್ದರಿಂದ ಸ್ವರ ಎಲ್ಲೆಲ್ಲೋ ಹೋಗುತ್ತಿತ್ತು. ಅಪ್ಪನ ನಿದ್ದೆ ಕೆಡುತ್ತಿದ್ದದ್ದು ಸುಳ್ಳಲ್ಲ ಎಂದು ನನಗೆ ಮನವರಿಕೆಯಾಯಿತು. ಆದರೂ ನಿಲ್ಲಿಸು ಎನ್ನಲು ಬಾಯಿ ಬರಲಿಲ್ಲ.

ನಾನು ಎಲ್ಲವನ್ನೂ ಒಂದೇ ಆಸೆಯ ಮೇಲೆ ನುಂಗಿಕೊಂಡಿದ್ದೆ. ವಾರ ಮುಗಿಯಲಿ. ಅರ್ಧವಿರಾಮರು ಬರಲಿ. ಪದ ಬಿಡುಗಡೆಯಾಗಲಿ. ಅದು ಕೈಗೆ ಸಿಕ್ಕಿದ ಮರುಕ್ಷಣವೇ ಹೆಂಡತಿಯ ಮುಂದೆ ನಿಂತು, ‘ಗೌನು ಅಷ್ಟಿಷ್ಟು ಆಯ್ತಲ್ಲ, ಇನ್ನು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೇ’ ಎಂದುಬಿಡುತ್ತೇನೆ. ಪದ ಬಂದರೆ ಕೋಣೆಯೂ ಬಂದಂತೆಯೇ. ಆ ವಾಕ್ಯವನ್ನು ಸ್ಟೂಲಿನ ಮೇಲೆ ಕುಳಿತು ಮನಸ್ಸಿನಲ್ಲೇ ಎಷ್ಟೋ ಸಲ ಅಭ್ಯಾಸ ಮಾಡಿದೆ.

ಅರ್ಧವಿರಾಮರು ಬಂದರು. ಪ್ಯಾಸೇಜಿನಲ್ಲಿ ಅವರಿಗೆ ಹೇಗೋ ಒಂದು ಕುರ್ಚಿ ತುರುಕಿದೆವು. ನಾನು ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಎದುರಿಗೆ ಕುಳಿತೆ. ಚೀಟಿಗಳನ್ನು ಅವರು ಒಂದೊಂದಾಗಿ ಓದಿದರು. ಬಸ್ಸಿನ ಸೀಟು, ಮೇಡಮ್ಮಿನ ಕೋಟು, ಬಾಯಿ ಮುಚ್ಚಿಕೊಂಡಿರುವುದು, ಬಿಟ್ಟುಕೊಡುವುದು, ನೆಲದ ಮೇಲೆ ಮಲಗುವುದು. ಹಾಡಿನ ಚೀಟಿಯ ಹತ್ತಿರ ಕನ್ನಡಕ ತೆಗೆದು ಒರೆಸಿಕೊಂಡರು.

“ಒಳ್ಳೇ ಕೆಲಸ; ನಲವತ್ತು ವರ್ಷದಲ್ಲಿ ಇಂಥ ಚೀಟಿಗಳು ನಮ್ಮ ಕಚೇರಿಗೆ ಬಂದಿಲ್ಲ; ಆದ್ರೆ ಒಂದು ಕೊರತೆ;”

“ಏನ್ ಸರ್?”

“ಈ ‘ಸಹಿಸಿಕೊಳ್ಳು’ ಅನ್ನೋ ಅರ್ಥದಲ್ಲಿ ‘ಮಾಡ್ಕೊಳ್ತೀನಿ’ ಅಂದಿರೋರೆಲ್ಲ ಹೆಂಗಸರೇ; ಗಂಡಸರು ಸಿಗೋದು ‘ಮಾಡ್ಕೊಳ್ಳಿ’ ಅಂತ ಹೇಳೋಕೆ ಮಾತ್ರ; ಏಕಪಕ್ಷೀಯ ನಮೂದು ಅಚ್ಚಿಗೆ ಹೋಗಲ್ಲ; ಗಂಡಸಿನ ಬಾಯಿಂದ ಬಂದದ್ದು ಒಂದಾದ್ರೂ ಬೇಕು; ಅದು ಸಿಗೋವರೆಗೂ ಪದ ಬಿಡುಗಡೆ ಇಲ್ಲ;”

ನನಗೆ ಕಣ್ಣು ಕತ್ತಲಿಟ್ಟಿತು. ಇಷ್ಟು ವರ್ಷದ ಅನುಭವದ ಗಾಂಭೀರ್ಯವನ್ನೆಲ್ಲ ಒಟ್ಟುಗೂಡಿಸಿಕೊಂಡು ಹೇಳಿದೆ. “ಸರ್, ಅದು ಸಿಗೋದಿಲ್ಲ. ಇಡೀ ವಾರ ಕಿವಿ ಕೊಟ್ಟು ಕೇಳಿದೀನಿ. ಗಂಡಸರು ಆ ಅರ್ಥದಲ್ಲಿ ಆ ಮಾತು ಆಡೋದೇ ಇಲ್ಲ.”

ಆಗ ಕೋಣೆಯೊಳಗೆ ಮಷೀನಿನ ಸದ್ದು ನಿಂತಿತು. ಬಾಗಿಲು ತುಸು ಸರಿಯಿತು. ಅದರ ಸಂದಿಯಿಂದ ಬೆಳಕೂ, ಬೆಳಕಿನ ಜೊತೆಗೆ ಹೆಂಡತಿಯ ದನಿಯೂ ಬಂತು. ಆ ದನಿಯಲ್ಲಿ ನಿಜವಾದ ಅಕ್ಕರೆಯಿತ್ತು. ಅದಕ್ಕೇ ನಾನು ಮೈಮರೆತೆ.

“ಏನ್ರೀ, ಬೆಳಕು ಸಾಕಾ ಅಲ್ಲಿ?”

“ಪರವಾಗಿಲ್ಲ ಕಣೇ,” ಎಂದೆ. “ಅಡ್ಜಸ್ಟ್ ಮಾಡ್ಕೊಂಡಿದೀನಿ.”

ಬಚ್ಚಲಿನಲ್ಲಿ ಅಮ್ಮನ ಹಾಡು ನಿಂತಿತು. ಅರ್ಧವಿರಾಮರು ಜೇಬಿನಿಂದ ಪೆನ್ನು ತೆಗೆದು, ಹೊಸ ಚೀಟಿಯೊಂದರ ಮೇಲೆ ನನ್ನ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡರು. ಆಮೇಲೆ ತಲೆಯೆತ್ತಿ, ನನಗೆ ತಿಳಿದಂತೆ ಬದುಕಿನಲ್ಲಿ ಮೊದಲ ಸಲ, ಒಂದು ಪೂರ್ಣವಿರಾಮ ಇಟ್ಟರು.

“ಸಿಕ್ಕಿತು.”

ಪದ ಬಿಡುಗಡೆಯಾಯಿತು. ನಾನು ಸ್ಟೂಲಿನಿಂದ ಎದ್ದು, ಹೊಟ್ಟೆ ಒಳಗೆಳೆದುಕೊಂಡು, ಮೇಜನ್ನು ದಾಟಿ, ಅಭ್ಯಾಸ ಮಾಡಿಟ್ಟುಕೊಂಡಿದ್ದ ವಾಕ್ಯವನ್ನು ಹೇಳಲು ಕೋಣೆಯ ಬಾಗಿಲ ಕಡೆ ತಿರುಗಿದೆ.

“ಸದ್ಯ, ಒಳ್ಳೇದಾಯ್ತು ಬಿಡಿ,” ಎಂದಳು ಹೆಂಡತಿ ಒಳಗಿನಿಂದ. “ನಿಮಗೆ ಕಷ್ಟ ಆಗ್ತಿದ್ಯೇನೋ, ಕೋಣೆ ಬಿಟ್ಟುಕೊಡಬೇಕೇನೋ ಅಂತ ಯೋಚನೆ ಮಾಡ್ತಿದ್ದೆ.”

ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು.